ಗುಳಿಗೆ ಬಿಟ್ಟೆ ಎಂದು ಸಾಕ್ಷಿ ಹೇಳಿದ ಮೇಲೆ

ಬೆಳಿಗ್ಗೆ ಎದ್ದ ಮೇಲೆ ಒಂದು ಗಂಟೆ ಹೊತ್ತು ನನ್ನ ಬೆರಳುಗಳು ನನ್ನ ಮಾತು ಕೇಳುವುದಿಲ್ಲ. ಅಂಗೈ ಊರಲಾಗದೆ ಮೊಣಕೈ ಊರಿ ಹಾಸಿಗೆಯಿಂದ ಏಳುತ್ತೇನೆ. ಬೋಗುಣಿಯಲ್ಲಿ ಬಿಸಿನೀರು ಹಾಕಿಕೊಂಡು ಎರಡೂ ಕೈ ಮುಳುಗಿಸಿ ಅಡಿಗೆಮನೆಯ ಸ್ಟೂಲಿನ ಮೇಲೆ ಕೂತಿರುತ್ತೇನೆ. ಹಾಲಿನ ಪ್ಯಾಕೆಟ್ ಕತ್ತರಿಸುವುದು ನಮ್ಮ ಮನೆಯವರ ಕೆಲಸ, ಕುಕ್ಕರಿನ ಮುಚ್ಚಳ ತೆಗೆಯುವುದೂ ಅವರದೇ. ಎಂಟು ಗಂಟೆಯ ಹೊತ್ತಿಗೆ ಬೆರಳು ಒಂದೊಂದಾಗಿ ಸಡಿಲವಾಗುತ್ತವೆ. ಐದು ವರ್ಷದಿಂದ ಹೀಗೇ ನಡೆದಿದೆ. ಇದು ವಾಸಿಯಾಗುವ ಕಾಯಿಲೆಯಲ್ಲಮ್ಮ, ಹಿಡಿತದಲ್ಲಿ ಇಟ್ಟುಕೊಳ್ಳುವ ಕಾಯಿಲೆ ಎಂದು ಡಾಕ್ಟರು ಮೊದಲ ದಿನವೇ ಹೇಳಿದ್ದರು. ಆ ಮಾತು ನನ್ನ ತಲೆಗೆ ಹೋಗಲು ಬಹಳ ಕಾಲ ಹಿಡಿಯಿತು. ಹೋಗುವುದಕ್ಕೆ ಮೊದಲು ನಾನೊಂದು ತಪ್ಪು ಮಾಡಿದೆ. ಸಂದುಗಳ ನೋವಿನ ಬಗ್ಗೆ ಬರೆಯಲು ಕೂತು ಆ ತಪ್ಪನ್ನು ಬಿಟ್ಟರೆ, ಇದೇ ಕಾಯಿಲೆ ಇರುವ ನಿಮಗೆ ನಾನು ಅರ್ಧವೇ ಹೇಳಿದಂತಾಗುತ್ತದೆ.

ನಾವಿರುವುದು ಶಿಕಾರಿಪುರದಲ್ಲಿ. ನಮ್ಮ ಮನೆಯವರು ಸೊರಬಕ್ಕೆ ಹೋಗಿಬರುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್. ನಾನು ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಖಾನಾವಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದೆ. ಹದಿನಾಲ್ಕು ವರ್ಷ ಬಡಿದಿದ್ದೆ. ಒಂದು ಚಳಿಗಾಲ ರೊಟ್ಟಿ ದುಂಡಗೆ ಬರುವುದು ನಿಂತಿತು. ಅಂಚು ಹರಿಯತೊಡಗಿತು. ಖಾನಾವಳಿಯ ಯಜಮಾನತಿ ಗಿರಿಜಮ್ಮ, "ಏನ್ರೀ ಗ್ರೇಸಮ್ಮ, ಇವತ್ತು ರೊಟ್ಟಿ ಹಂಗ್ಯಾಕೆ ಅದಾವು? ಜಗಳ ಮಾಡ್ಕೊಂಡು ಬಂದೀರೇನು?" ಎಂದು ನಕ್ಕರು. ನಾನೂ ನಕ್ಕೆ. ಆಮೇಲೆ ಮಣಿಕಟ್ಟು ಊದಿತು, ಕಾಲಿನ ಹಿಮ್ಮಡಿ ಊದಿತು. ಮದುವೆಯ ಉಂಗುರ ಬೆರಳಿನಿಂದ ಹೊರಬರದೆ ಅಕ್ಕಸಾಲಿಗರ ಅಂಗಡಿಯಲ್ಲಿ ಕತ್ತರಿಸಿ ತೆಗೆಸಬೇಕಾಯಿತು. ಕೇರಿಯವರೆಲ್ಲ ಚಿಕನ್‌ಗುನ್ಯಾ ಎಂದರು. ಅದು ಬಂದು ಹೋದವರಿಗೆ ವರ್ಷಗಟ್ಟಲೆ ನೋವು ಇರುತ್ತದೆ ಎಂದು ಒಂದು ವರ್ಷ ನಾನೂ ನಂಬಿದೆ. ಯಾರ್‍ಯಾರೋ ಕೊಟ್ಟ ಎಣ್ಣೆ ತಿಕ್ಕಿದೆ, ನೋವಿನ ಗುಳಿಗೆ ನುಂಗಿ ನುಂಗಿ ಹೊಟ್ಟೆ ಕೆಡಿಸಿಕೊಂಡೆ. ಬ್ಲೌಸಿನ ಹುಕ್ಕು ಹಾಕಿಕೊಳ್ಳಲು ಆಗದ ದಿನ ನಮ್ಮ ಮನೆಯವರೇ ಹಾಕಿದರು. ಮೇಲಿನದ್ದು ಕೆಳಗೆ, ಕೆಳಗಿನದ್ದು ಮೇಲೆ. "ಬಸ್ಸಿನ ಬಾಗಿಲು ಹಾಕಿ ಅಭ್ಯಾಸ, ಇದು ಎಲ್ಲಿ ಬರ್ಬೇಕು ನಂಗೆ" ಎಂದರು. ಮರುದಿನವೇ ನನ್ನನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋದರು.

ಸಂದುಗಳ ಡಾಕ್ಟರ ಕೋಣೆಯ ಹೊರಗೆ ಕಾಯುವವರನ್ನು ನೋಡಿದರೆ ಗೊತ್ತಾಗಿಬಿಡುತ್ತದೆ. ಯಾರೂ ಕುರ್ಚಿಯಿಂದ ಒಂದೇ ಸಲಕ್ಕೆ ಏಳುವುದಿಲ್ಲ. ಹೆಸರು ಕರೆಯುವುದಕ್ಕೆ ಎರಡು ಹೆಸರು ಮೊದಲೇ ಏಳಲು ಶುರುಮಾಡುತ್ತಾರೆ. ನೀರಿನ ಬಾಟಲಿಯ ಮುಚ್ಚಳ ತಿರುಗಿಸಲಾಗದೆ ಪಕ್ಕದವರಿಗೆ ಕೊಟ್ಟರೆ ಪಕ್ಕದವರಿಗೂ ಆಗುವುದಿಲ್ಲ. ಹಾಗೆ ಒಂದು ಬಾಟಲಿ ನಾಲ್ಕು ಜನರ ಕೈ ದಾಟಿ ಕೊನೆಗೆ ಕಸ ಗುಡಿಸುವ ಹೆಂಗಸಿನ ಕೈಗೆ ಹೋಯಿತು. ಅವಳು ಒಂದೇ ತಿರುವಿಗೆ ತೆಗೆದು ಎಲ್ಲರ ಮುಖ ನೋಡಿದಳು. ನನಗೆ ಅವತ್ತು ನಗು ಬಂತು, ಅದರ ಹಿಂದೆಯೇ ಅಳುವೂ ಬಂತು.

ಇದು ಚಿಕನ್‌ಗುನ್ಯಾ ಅಲ್ಲ, ಸಂಧಿವಾತ ಎಂದರು ಡಾಕ್ಟರು. ಅವರು ಕೊಟ್ಟದ್ದು ವಾರಕ್ಕೊಮ್ಮೆ ನುಂಗುವ ಗುಳಿಗೆ. ಶನಿವಾರ ರಾತ್ರಿ ಊಟದ ಮೇಲೆ. ದಿನಾ ತಗೋಬಾರದು, ವಾರಕ್ಕೆ ಒಂದೇ ದಿನ ಎಂದು ಚೀಟಿಯ ಮೇಲೆ ಎರಡು ಸಲ ಗೆರೆ ಎಳೆದು ಕೊಟ್ಟಿದ್ದರು. ಆಗಾಗ ರಕ್ತ ಪರೀಕ್ಷೆ. ಗುಳಿಗೆ ಕೆಲಸ ಮಾಡಲು ಎರಡು ಮೂರು ತಿಂಗಳು ಬೇಕು, ತಾಳ್ಮೆ ಇರಲಿ ಎಂದರು. ಶನಿವಾರದ ಗುಳಿಗೆಗೆ ಭಾನುವಾರ ಬೆಳಿಗ್ಗೆ ವಾಕರಿಕೆ. ಹೀಗಾಗಿ ಆರಾಧನೆಯ ಹೊತ್ತಿಗೆ ಸರಿಯಾಗಿ ನನ್ನ ಹೊಟ್ಟೆ ತೊಳಸುತ್ತಿತ್ತು. ಬಾಯಲ್ಲಿ ಒಂದು ಲವಂಗ ಇಟ್ಟುಕೊಂಡು ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದೆ.

ಇಲ್ಲಿ ನಮ್ಮ ಸಭೆಯ ಪದ್ಧತಿ ಹೇಳಬೇಕು. ನಮ್ಮದು ಸಣ್ಣ ಕ್ರೈಸ್ತ ಸಭೆ. ಶಿಕಾರಿಪುರದ ಕೆಲವು ಮನೆಗಳು, ತಿಂಗಳಿಗೊಮ್ಮೆ ಸೊರಬದ ಕಡೆಯಿಂದ ಬಂದು ಸೇರುವ ಇನ್ನು ಕೆಲವು ಮನೆಗಳು. ಯಾರಿಗಾದರೂ ದೊಡ್ಡ ಕಾಯಿಲೆ ಬಂದರೆ ಅವರಿಗಾಗಿ ಪ್ರತಿ ಶುಕ್ರವಾರ ಒಂದೊಂದು ಮನೆ ಸರದಿಯಂತೆ ಉಪವಾಸ ಹಿಡಿಯುತ್ತದೆ. ಮನೆಯ ದೊಡ್ಡವರು ಸಂಜೆಯವರೆಗೆ ಬರೀ ನೀರಿನ ಮೇಲೆ ಇರುತ್ತಾರೆ. ಗುಣವಾದವರು ತಿಂಗಳ ಮೊದಲ ಭಾನುವಾರ ಬೋಧನೆಯ ಪ್ರಸಂಗ ಮುಗಿದ ಮೇಲೆ ಎದ್ದು ಮುಂದೆ ಬಂದು ಸಾಕ್ಷಿ ಹೇಳುತ್ತಾರೆ. ದೇವರು ತನಗೆ ಏನು ಮಾಡಿದನೆಂದು ಬಾಯಿಬಿಟ್ಟು ಹೇಳುವುದು. ಅಲ್ಲಿಗೆ ಆ ಸರದಿ ಮುಗಿಯುತ್ತದೆ.

ನನಗಾಗಿ ಹನ್ನೊಂದು ಮನೆಗಳು ಹಸಿದಿದ್ದವು. ಒಂದು ಸುತ್ತು ಮುಗಿದು ಎರಡನೇ ಸುತ್ತು ಶುರುವಾಗಿತ್ತು. ಸ್ತ್ರೀಯರ ಕೂಟ ನಡೆಸುವ ಎಸ್ತೇರಕ್ಕ ಅರವತ್ತು ದಾಟಿದವರು, ಅವರೂ ಬಿಡಲಿಲ್ಲ. ಯಾರೂ ನನ್ನನ್ನು "ಇನ್ನೂ ಎಷ್ಟು ದಿನ" ಎಂದು ಕೇಳಲಿಲ್ಲ. ಆದರೆ ಭಾನುವಾರ ಬಾಗಿಲಲ್ಲಿ ಕೈ ಕುಲುಕುವಾಗ ಎಲ್ಲರ ಕಣ್ಣು ಮೊದಲು ನನ್ನ ಬೆರಳಿನ ಗಂಟುಗಳ ಕಡೆಗೆ ಹೋಗುತ್ತಿತ್ತು. ಗುಣವಾಗದೆ ಇರುವುದೇ ನನ್ನದೊಂದು ತಪ್ಪೇನೋ ಎನಿಸುತ್ತಿತ್ತು. ಅವರು ಹಸಿದು ಕೂರುವುದು, ನಾನು ಊದಿಕೊಂಡು ಕೂರುವುದು. ಈ ಸುಸ್ತು ನೋವಿಗಿಂತ ಹೆಚ್ಚಿನದು.

ನಾಲ್ಕನೇ ತಿಂಗಳಲ್ಲಿ ಗುಳಿಗೆ ಹಿಡಿಯಿತು. ಒಂದು ಬೆಳಿಗ್ಗೆ ಬಚ್ಚಲಲ್ಲಿ ಒದ್ದೆ ಟವೆಲ್ಲು ಹಿಂಡುತ್ತಿದ್ದೆ, ಅರ್ಧ ಹಿಂಡಿದ ಮೇಲೆ ನಾನು ಹಿಂಡುತ್ತಿದ್ದೇನೆ ಎಂಬುದು ಗೊತ್ತಾಯಿತು. ಅಲ್ಲೇ ನಿಂತು ದೇವರಿಗೆ ಸ್ತೋತ್ರ ಹೇಳಿದೆ. ಆ ಸ್ತೋತ್ರ ಸುಳ್ಳಲ್ಲ. ಇಂದಿಗೂ ಅದನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಮುಂದಿನ ಮೊದಲ ಭಾನುವಾರ ಸೊರಬದವರೂ ಟೆಂಪೋ ಮಾಡಿಕೊಂಡು ಬಂದಿದ್ದರು. ನಾನು ಎದ್ದು ಮುಂದೆ ಹೋದೆ. ಎರಡೂ ಕೈ ಎತ್ತಿ ಬೆರಳು ಮಡಚಿ ಬಿಚ್ಚಿ ತೋರಿಸಿದೆ. "ಕರ್ತನು ನನ್ನನ್ನು ಗುಣಪಡಿಸಿದ್ದಾನೆ" ಎಂದೆ. ಹೆಂಗಸರು ಅತ್ತರು. ಮುಂದಿನ ಸಾಲಿನಲ್ಲಿದ್ದ ಎಸ್ತೇರಕ್ಕ ಸಂತೋಷ ತಡೆಯಲಾಗದೆ ಕೂತಲ್ಲಿಂದಲೇ ಕೂಗಿದರು.

"ಗುಳಿಗೆ ಪಳಿಗೆ ಎಲ್ಲಾ ಬಿಟ್ಟೆಯೇನೆ, ಗ್ರೇಸಿ?"

ಹಿಂದಿನ ರಾತ್ರಿಯಷ್ಟೇ ನುಂಗಿದ್ದೆ. ಬಾಯಲ್ಲಿ ಲವಂಗ ಇನ್ನೂ ಇತ್ತು. ಎಲ್ಲರ ಮುಖವೂ ನನ್ನ ಕಡೆ. ಒಂದು ಸುತ್ತಿಗೂ ಹೆಚ್ಚು ನನಗಾಗಿ ಹಸಿದ ಮುಖಗಳು.

"ಬಿಟ್ಟೆ ಅಕ್ಕ" ಎಂದೆ.

ಸಭೆಯಲ್ಲಿ ಹಲ್ಲೆಲೂಯಾ ಎದ್ದಿತು. ನಮ್ಮ ಮನೆಯವರು ಗಂಡಸರ ಸಾಲಿನಲ್ಲಿ ತಲೆ ತಗ್ಗಿಸಿ ಹಾಡಿನ ಪುಸ್ತಕದ ಹಾಳೆ ತಿರುವುತ್ತಿದ್ದರು. ಮನೆಗೆ ನಡೆದು ಬರುವಾಗ ಅರ್ಧ ದಾರಿಯಲ್ಲಿ, "ಟಿಕೆಟ್ ತಗೊಳ್ದೆ ಕೂತಿರ್ತಾರಲ್ಲ, ಅವರು ಕಿಟಕಿ ಹೊರಗೆ ನೋಡ್ತಿರ್ತಾರೆ" ಎಂದರು.

"ಏನಂದ್ರಿ?"

"ಏನಿಲ್ಲ. ನೀನು ವಾಪಸ್ ಬಂದು ಕೂತ್ಕೊಂಡ ಮೇಲೆ ಕಿಟಕಿ ಹೊರಗೆ ನೋಡ್ತಿದ್ದೆ."

ನಾನು ಜಗಳ ತೆಗೆದೆ. ಗುಳಿಗೆ ಮಾಡುವ ಬುದ್ಧಿ ಕೊಟ್ಟವನೂ ದೇವರೇ ಅಲ್ಲವೇ, ಗುಣ ಮಾಡಿದವನೂ ಅವನೇ, ಅಂದಮೇಲೆ ಸುಳ್ಳೆಲ್ಲಿ ಬಂತು ಎಂದು ವಾದಿಸಿದೆ. "ಹಂಗಾದ್ರೆ ಹಂಗೇ ಹೇಳ್ಬೇಕಿತ್ತು" ಎಂದು ಅವರು ಬೀಗ ತೆಗೆದರು.

ಆವತ್ತಿನಿಂದ ನನಗೆ ಎರಡು ಕಾಯಿಲೆ. ಗುಳಿಗೆಯನ್ನು ಗುಂಡಿ, ಹುಕ್ಕು ಹಾಕಿಡುವ ಬಿಸ್ಕತ್ತಿನ ಡಬ್ಬಿಯ ತಳದಲ್ಲಿ ಇಟ್ಟೆ. ರಕ್ತ ಪರೀಕ್ಷೆಗೆ ಶಿವಮೊಗ್ಗಕ್ಕೆ ಹೋಗುವಾಗ ತಂಗಿಯ ಮನೆಗೆ ಎಂದೆ. ಮಳೆಗಾಲ ಬಂದು ನೋವು ಮತ್ತೆ ಏರಿದಾಗ ಅದನ್ನೂ ಮುಚ್ಚಿಡಬೇಕಾಯಿತು. ಒಮ್ಮೆ ಗುಣವಾದವಳು ಮತ್ತೆ ಕುಂಟುವಂತಿಲ್ಲವಲ್ಲ. ಸಭೆಯ ಬಾಗಿಲಲ್ಲಿ ಕೈ ಕುಲುಕುವಾಗ ಜೀವ ಹೋದಂತಾದರೂ ನಗುತ್ತಿದ್ದೆ. "ಕೈ ಹೆಂಗದೆ?" ಎಂದರೆ "ಚೆನ್ನಾಗಿದೆ, ಸ್ತೋತ್ರ." ಊದಿದ ಮಣಿಕಟ್ಟು ಸೆರಗಿನೊಳಗೆ. ಪ್ರಾರ್ಥನೆಗೆ ಕೂತರೆ ಆ ಒಂದು ಮಾತು ಬಂದು ಎದುರಿಗೆ ಕೂರುತ್ತಿತ್ತು. ಅದನ್ನು ಸುತ್ತಿಬಳಸಿ ಹೋಗಿ ಬೇರೆಯವರಿಗಾಗಿ ಪ್ರಾರ್ಥಿಸುತ್ತಿದ್ದೆ. ನನ್ನ ಬಗ್ಗೆ ದೇವರ ಹತ್ತಿರ ಮಾತನಾಡುವುದನ್ನೇ ನಿಲ್ಲಿಸಿದ್ದೆ.

ಒಂದು ಬುಧವಾರ ಮಧ್ಯಾಹ್ನ ನಮ್ಮ ಮನೆಯವರು ಟ್ರಿಪ್ಪಿನ ನಡುವೆ ಮನೆಗೆ ಬಂದರು. ಹಾಗೆ ಬರುವವರಲ್ಲ. ಚೀಲ ಕೂಡ ಹೆಗಲಿನಿಂದ ಇಳಿಸಲಿಲ್ಲ.

"ಜಡೆ ರಾಹೇಲಮ್ಮ ಗೊತ್ತಲ್ಲ? ಅವರ ಸೊಸೆ ಶಾಂತ ಬಸ್ಸಲ್ಲಿ ಸಿಕ್ಕಿದ್ಲು. ಅವರನ್ನ ಸೊರಬದಲ್ಲಿ ಆಸ್ಪತ್ರೆಗೆ ಸೇರಿಸಿದಾರಂತೆ."

ರಾಹೇಲಮ್ಮ ಸೊರಬದ ಕಡೆಯ ಜಡೆ ಊರಿನ ಹಿರಿಯರು. ಸಕ್ಕರೆ ಕಾಯಿಲೆ, ದಿನಕ್ಕೆ ಎರಡು ಸಲ ಇನ್ಸುಲಿನ್ ಸೂಜಿ. "ಏನಾಯ್ತು?" ಎಂದೆ.

"ಮೂರು ವಾರದಿಂದ ಸೂಜಿ ಬಿಟ್ಟಿದ್ರಂತೆ. ಸೊಸೆ ಕೊಡೋಕೆ ಹೋದ್ರೆ, ನಾನೇ ಹಾಕ್ಕೊಂಡೆ ಅನ್ನೋರಂತೆ. ಕಾಲಲ್ಲಿ ಹುಣ್ಣಾಗಿ, ಮೊನ್ನೆ ಎಚ್ಚರ ತಪ್ಪಿ ಬಿದ್ದಾರೆ." ಅವರು ನನ್ನ ಮುಖ ನೋಡಲಿಲ್ಲ. "ಈಗ ಎಚ್ಚರ ಬಂದೈತೆ. ಎಚ್ಚರ ಬಂದ ಮೇಲೆ ಮತ್ತೆ ಸೂಜಿ ಬೇಡ ಅಂತ ಹಟ. ಗ್ರೇಸಿ ಬಿಟ್ಲಲ್ಲ, ಅವಳಿಗೆ ಆದದ್ದು ನನಗ್ಯಾಕೆ ಆಗಲಿಲ್ಲ, ನನ್ನ ನಂಬಿಕೆ ಸಾಲದಾಯ್ತು, ಮನೆಗೆ ಹೋಗಿ ಉಪವಾಸ ಕೂರ್ತೀನಿ ಅಂತಾರಂತೆ. ಹಂಗೆ ಬಿಟ್ರೆ ಜೀವ ಉಳಿಯಲ್ಲ ಅಂತ ಡಾಕ್ಟ್ರು ಹೇಳಿದಾರೆ."

ನಾನು ಒಲೆ ಆರಿಸಿದೆ. ಬಿಸ್ಕತ್ತಿನ ಡಬ್ಬಿಯ ಮುಚ್ಚಳ ನನ್ನ ಕೈಗೆ ಬರಲಿಲ್ಲ, ಅವರೇ ತೆಗೆದುಕೊಟ್ಟರು. ಗುಳಿಗೆಯ ಹಾಳೆ, ಡಾಕ್ಟರ ಚೀಟಿ, ರಕ್ತ ಪರೀಕ್ಷೆಯ ಕಾಗದ ಎಲ್ಲ ಚೀಲಕ್ಕೆ ಹಾಕಿಕೊಂಡು ಅವರ ಬಸ್ಸಿಗೇ ಹತ್ತಿದೆ. ಶಿರಾಳಕೊಪ್ಪದಲ್ಲಿ ಬಸ್ಸು ಕಾಲು ಗಂಟೆ ನಿಲ್ಲುತ್ತದೆ. ಅಲ್ಲಿ ಇಳಿದು ವಾಪಸ್ ಹೋಗುವ ಬಸ್ಸು ಹಿಡಿಯಬಹುದಿತ್ತು. ಎದುರಿಗೇ ನಿಂತಿತ್ತು. ನನ್ನ ಬಗ್ಗೆ ದೇವರಿಗೆ ಬಹಳ ದಿನಗಳ ಮೇಲೆ ಒಂದು ಮಾತು ಹೇಳಿದೆ: ನನ್ನನ್ನು ಇಳಿಯಲು ಬಿಡಬೇಡ.

ಆಸ್ಪತ್ರೆಯ ಹೆಂಗಸರ ವಾರ್ಡಿನ ಕೊನೆಯ ಮಂಚ. ಕಾಲಿಗೆ ದಪ್ಪನೆಯ ಬ್ಯಾಂಡೇಜು. ಪಕ್ಕದಲ್ಲಿ ಸೊಸೆ ಶಾಂತ ಗಂಜಿಯ ಬಟ್ಟಲು ಹಿಡಿದು ಕೂತಿದ್ದಳು. ರಾಹೇಲಮ್ಮ ನನ್ನನ್ನು ನೋಡಿ ಮುಖ ಅರಳಿಸಿದರು. ಅದು ನನಗೆ ಇನ್ನೂ ಕಷ್ಟವಾಯಿತು.

"ಬಾ ಮಾರಾಯ್ತಿ ಬಾ. ನೀನೇ ಬಂದೆಯಲ್ಲ. ನನ್ನ ತಲೆ ಮೇಲೆ ಕೈ ಇಟ್ಟು ಪ್ರಾರ್ಥನೆ ಮಾಡು. ಈ ಶಾಂತಂಗೂ ಎಂತಾದ್ರೂ ಹೇಳು, ಸೂಜಿ ಸೂಜಿ ಅಂತ ನನ್ನ ತಲೆ ತಿಂತಾಳೆ."

"ಅತ್ತೆ ತಲೇಲಿ ತಿನ್ನಕ್ಕೆ ಏನಾದ್ರೂ ಉಳಿದ್ರೆ ಸೈ" ಎಂದಳು ಶಾಂತ. ಅವಳ ಕಣ್ಣು ಕೆಂಪಾಗಿತ್ತು.

ನಾನು ಕೂರಲಿಲ್ಲ. ಕೂತರೆ ಮಾತು ಬೇರೆ ಕಡೆ ಹೋಗುತ್ತದೆಂದು ಗೊತ್ತಿತ್ತು. ಚೀಲದಿಂದ ಗುಳಿಗೆ ತೆಗೆದು ಹೊದಿಕೆಯ ಮೇಲೆ ಇಟ್ಟೆ.

"ಅಮ್ಮ, ನಾನು ಗುಳಿಗೆ ಬಿಟ್ಟಿರಲಿಲ್ಲ. ಒಂದು ವಾರವೂ ಬಿಟ್ಟಿಲ್ಲ. ಸಾಕ್ಷಿ ಹೇಳಿದ ಹಿಂದಿನ ದಿನವೂ ತಗೊಂಡಿದ್ದೆ. ಕೈ ಮಡಚೋದು ಇದರಿಂದ ಬಂತು. ಈಗ ಮತ್ತೆ ಊದಿದೆ, ನೋಡಿ."

ಸೆರಗು ಸರಿಸಿ ಮಣಿಕಟ್ಟು ತೋರಿಸಿದೆ. ಅವರು ಮಣಿಕಟ್ಟನ್ನು ನೋಡಿದರು, ಗುಳಿಗೆಯ ಹಾಳೆಯನ್ನು ತಿರುಗಿಸಿ ನೋಡಿದರು. ಓದು ಬಾರದವರು, ಆದರೂ ಬಹಳ ಹೊತ್ತು ನೋಡಿದರು.

"ಎಸ್ತೇರಿ ಕೇಳಿದ್ಲಲ್ಲ. ಎಲ್ಲರ ಎದುರಿಗೆ."

"ಹೌದು."

"ನೀನು ಬಿಟ್ಟೆ ಅಂದೆ."

"ಅಂದೆ. ಸುಳ್ಳು ಹೇಳಿದೆ."

"ದೇವರ ಮನೆಯಲ್ಲಿ ನಿಂತ್ಕೊಂಡು."

"ಹೌದು ಅಮ್ಮ."

ಅವರು ಗೋಡೆಯ ಕಡೆ ತಿರುಗಿದರು. ಪಕ್ಕದ ಮಂಚದ ಹೆಂಗಸು ಕಿತ್ತಳೆ ಸುಲಿಯುವುದನ್ನು ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದಳು. ನನ್ನ ಹಿಮ್ಮಡಿ ನೋಯುತ್ತಿತ್ತು, ಕಾಲು ಬದಲಿಸಲೂ ಧೈರ್ಯವಾಗಲಿಲ್ಲ. ಗೋಡೆಯ ಕಡೆಯಿಂದಲೇ ಅವರ ದನಿ ಬಂತು.

"ಮೂರು ವಾರ ನನ್ನನ್ನೇ ಬೈಕೊಂಡೆ ನಾನು. ನಿಂಗೆ ಮಾಡಿದವನು ನಂಗ್ಯಾಕೆ ಮಾಡ್ಲಿಲ್ಲ, ನಾನೆಂತ ಪಾಪ ಮಾಡೀನಿ ಅಂತ, ಹಳೇದೆಲ್ಲ ಹುಡುಕಿ ಹುಡುಕಿ ತೆಗೆದೆ. ಸತ್ತ ಗಂಡನ ಹತ್ರ ಜಗಳ ಆಡಿದ್ದನ್ನೂ ಬಿಡ್ಲಿಲ್ಲ. ಅದನ್ನ ಯಾರು ವಾಪಸ್ ಕೊಡ್ತಾರೆ?"

ಕಾಲಿನ ಹುಣ್ಣಿಗಿಂತ ಅದು ದೊಡ್ಡ ಗಾಯ ಎಂದು ನನಗೆ ಆ ಕ್ಷಣದವರೆಗೆ ಹೊಳೆದಿರಲಿಲ್ಲ.

"ಶಾಂತ" ಎಂದರು ಅವರು ಈ ಕಡೆ ತಿರುಗದೆಯೇ. "ಆ ನರ್ಸನ್ನ ಕರಿ. ಸೂಜಿ ಹಾಕಕ್ಕೆ ಹೇಳು." ಆಮೇಲೆ ನನಗೆ, "ನೀನು ಹೋಗು. ಈಗ ನಿನ್ನ ಮುಖ ನೋಡಕ್ಕೆ ನನ್ನ ಕೈಲಿ ಆಗಲ್ಲ."

ಬಾಗಿಲವರೆಗೆ ಶಾಂತ ಬಂದಳು. ಬೈಯುತ್ತಾಳೆಂದು ನಿಂತೆ. ಅವಳು ನನ್ನ ಗುಳಿಗೆಯ ಹಾಳೆಯನ್ನು ಕೈಗೆ ಕೊಟ್ಟು, "ಮರ್ತು ಬಿಟ್ಟು ಹೋಗ್ಬೇಡಿ, ಗ್ರೇಸಕ್ಕ" ಎಂದಷ್ಟೇ ಹೇಳಿ ನರ್ಸನ್ನು ಕರೆಯಲು ಓಡಿದಳು.

ಮರುದಿನ ನಮ್ಮ ಅಯ್ಯನವರ ಮನೆಗೆ ಹೋದೆ. ಸಭೆ ನೋಡಿಕೊಳ್ಳುವ ಅವರು ನನಗಿಂತ ಚಿಕ್ಕವರು, ಮೃದು ಮನಸ್ಸಿನವರು. ಎಲ್ಲ ಕೇಳಿ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. "ಬೇಕಾದರೆ ನಾನೇ ಹೇಳ್ತೀನಮ್ಮ, ಹೆಸರು ಹೇಳದೆ. ಯಾರೂ ಔಷಧ ಬಿಡಬಾರದು ಅಂತ ಪ್ರಸಂಗದಲ್ಲಿ ಸೇರಿಸ್ತೀನಿ. ನೀವು ಮೊದಲೇ ಸುಸ್ತಾಗಿದೀರಿ." ಆ ಮಾತು ತಣ್ಣಗಿನ ನೀರಿನಂತಿತ್ತು. ಸರಿ ಎನ್ನಲು ಬಾಯಿ ತೆರೆದೆ. ಆದರೆ ಗೋಡೆಯ ಕಡೆ ತಿರುಗಿದ ಆ ಬೆನ್ನು ನೆನಪಾಯಿತು. ಸಭೆಯಲ್ಲಿ ಇನ್ನೆಷ್ಟು ಜನ ತಮ್ಮ ಪಾಪ ಹುಡುಕುತ್ತಾ ಕೂತಿದ್ದಾರೋ. "ನನ್ನ ಹೆಸರಲ್ಲೇ ಹೇಳಿದ್ದು ಅಯ್ಯನೋರೆ, ನನ್ನ ಹೆಸರಲ್ಲೇ ಹಿಂದಕ್ಕೆ ತಗೋಬೇಕು" ಎಂದೆ.

ಆ ಭಾನುವಾರ ತಿಂಗಳ ಮೊದಲನೆಯದು, ಸಾಕ್ಷಿಯ ಹೊತ್ತಿಗೆ ಎದ್ದೆ. ಮುಂದೆ ಹೋಗುವ ಆ ಹತ್ತು ಹೆಜ್ಜೆಯಲ್ಲಿ ಮೊದಲ ಸಲ ಕುಂಟುವುದನ್ನು ಮರೆಮಾಡಲಿಲ್ಲ. ಹೇಳಿದ್ದು ನಾಲ್ಕೇ ಮಾತು. ಗುಳಿಗೆ ಬಿಟ್ಟಿರಲಿಲ್ಲ, ಈಗಲೂ ತಗೊಳ್ಳುತ್ತೇನೆ. ಕಾಯಿಲೆ ಹೋಗಿಲ್ಲ. ನಿಮ್ಮ ಮುಂದೆ, ದೇವರ ಮುಂದೆ ಸುಳ್ಳು ಹೇಳಿದೆ, ಅದನ್ನು ನಂಬಿ ರಾಹೇಲಮ್ಮ ಸಾಯುವ ಸ್ಥಿತಿಗೆ ಹೋದರು. ನಿಮ್ಮಲ್ಲಿ ಯಾರೂ ನನ್ನನ್ನು ನೋಡಿ ಔಷಧ ಬಿಡಬೇಡಿ, ಬಿಡಲಾಗದ್ದಕ್ಕೆ ನಿಮ್ಮ ನಂಬಿಕೆಯನ್ನೂ ಬೈದುಕೊಳ್ಳಬೇಡಿ. ಯಾರೂ ಆಮೆನ್ ಎನ್ನಲಿಲ್ಲ. ನಾನು ಹೋಗಿ ಕೂತೆ. ಬಹಳ ಆಯಾಸವಾಗಿತ್ತು. ಹಗುರವಾಯಿತು ಎಂದು ಬರೆಯಬೇಕೆಂದು ಆಸೆ, ಆದರೆ ಆಯಾಸವೇ ಆಗಿತ್ತು.

ಹೊರಗೆ ಎಸ್ತೇರಕ್ಕ ಚಪ್ಪಲಿ ಮೆಟ್ಟುತ್ತಾ ನಿಂತಿದ್ದರು. ನನ್ನ ಕಡೆ ನೋಡದೆಯೇ ಶುರುಮಾಡಿದರು.

"ಏನೇ, ನಾವು ಅಷ್ಟು ದಡ್ಡರು ಅಂತ ತಿಳ್ದಿದ್ಯೇನು? ಗುಳಿಗೆ ತಗೊಂತಿದೀನಿ, ಇನ್ನೂ ನೋವೈತೆ ಅಂದಿದ್ರೆ ನಾವು ಉಪವಾಸ ಬಿಡ್ತಿದ್ವಾ? ಹನ್ನೊಂದು ಮನ್ಯಾಗೂ ಒಬ್ರಾದ್ರೂ ಬೇಜಾರು ಮಾಡ್ಕೊಂಡಿದ್ರಾ?"

"ಇಲ್ಲ ಅಕ್ಕ."

"ನಾನು ಬ್ಯಾರೆ ಅದೇನೋ ಕೂಗಿಬಿಟ್ಟೆ ಅವತ್ತು." ಅವರ ದನಿ ಒಡೆಯಿತು. "ಬಾಯಿ ನಂದು. ಕೇಳೋ ಪ್ರಶ್ನೆಯೇ ಅದು?" ಮತ್ತೇನೂ ಹೇಳದೆ ಬಿರಬಿರನೆ ನಡೆದುಹೋದರು. ಮುಂದಿನ ಶುಕ್ರವಾರದಿಂದ ಮತ್ತೆ ನನ್ನ ಹೆಸರಿನಲ್ಲಿ ಉಪವಾಸ ಶುರುವಾಯಿತೆಂದು, ಮೊದಲ ಮನೆ ಅವರದೇ ಎಂದು ನನಗೆ ಬೇರೆಯವರಿಂದ ತಿಳಿಯಿತು.

ರಾಹೇಲಮ್ಮನ ಕಾಲಿನ ಎರಡು ಬೆರಳು ಹೋದವು. ಜೀವ ಉಳಿಯಿತು. ಸೂಜಿ ತಪ್ಪಿಸುವುದಿಲ್ಲವಂತೆ. ನಾಲ್ಕು ತಿಂಗಳ ಮೇಲೆ ಸೊರಬದ ಟೆಂಪೋದಲ್ಲಿ ಸಭೆಗೆ ಬಂದರು. ನನ್ನ ಬೆಂಚಿನ ಕಡೆ ತಿರುಗಿಯೂ ನೋಡಲಿಲ್ಲ. ಅದು ನ್ಯಾಯವೇ ಎಂದುಕೊಂಡು ಕೂತಿದ್ದೆ.

ಆರಾಧನೆ ಮುಗಿದು ಎಲ್ಲರೂ ಹೊರಗೆ ಹೋದರು. ಶಾಂತ ಟೆಂಪೋದವನನ್ನು ಹುಡುಕಲು ಹೋಗಿದ್ದಳು. ನಮ್ಮ ಸಭೆಯ ಬಾಗಿಲಿಗೆ ಮೂರು ಎತ್ತರದ ಮೆಟ್ಟಿಲು, ಹಿಡಿಯಲು ಕಂಬಿ ಇಲ್ಲ. ಮೇಲಿನ ಮೆಟ್ಟಿಲ ಮೇಲೆ ರಾಹೇಲಮ್ಮ ಕೋಲು ಊರಿ ನಿಂತಿದ್ದರು. ನಾನು ಹಿಂದಿನಿಂದ ಬಂದು ದೂರದಲ್ಲೇ ನಿಂತೆ. ಅವರು ತಿರುಗಿ ನೋಡಿದರು. ಅತ್ತಿತ್ತ ನೋಡಿದರು, ಬೇರೆ ಯಾರೂ ಇರಲಿಲ್ಲ. ಎಡಗೈ ಚಾಚಿದರು.

"ಕ್ಷಮಿಸಿದೆ ಅಂದ್ಕೋಬೇಡ. ಮೆಟ್ಟಿಲು ಇಳೀಬೇಕು, ಅಷ್ಟೇ."

ಅವರ ಕೈ ಹಿಡಿದೆ. ಹಿರಿಯರ ಭಾರವೆಲ್ಲ ನನ್ನ ಮಣಿಕಟ್ಟಿನ ಮೇಲೆ ಬಂತು. ಒಂದು ಮೆಟ್ಟಿಲು ಇಳಿದೆವು. ಅವರ ಕಾಲು ತಡವರಿಸಿತು, ಬಿಗಿಯಾಗಿ ಹಿಡಿದುಕೊಂಡರು. ಎರಡನೇ ಮೆಟ್ಟಿಲಲ್ಲಿ ನಿಂತು ಉಸಿರು ತೆಗೆದುಕೊಳ್ಳುತ್ತಾ ನನ್ನ ಮುಖ ನೋಡಿದರು.

"ಕೈ ನೋಯ್ತದಾ ಎಂತ?"

"ನೋಯ್ತದೆ ಅಮ್ಮ" ಎಂದೆ. "ತುಂಬ ನೋಯ್ತದೆ."

"ಹೂಂ" ಎಂದು ಅವರು ಹಿಡಿತ ಮಣಿಕಟ್ಟಿನಿಂದ ಮೇಲಕ್ಕೆ, ನನ್ನ ತೋಳಿಗೆ ಬದಲಿಸಿದರು. ಇನ್ನೊಂದು ಮೆಟ್ಟಿಲು ಉಳಿದಿತ್ತು. ನಿಧಾನಕ್ಕೆ ಇಳಿದೆವು.